ಸಿ ಕೋಡ್ ಸ್ಕ್ಯಾನ್ ಮಾಡುವಾಗ ನಾನು ಎಲ್ಲಿ ನೋಡುತ್ತೇನೆ

ಸಿ ಕೋಡ್‌ನಲ್ಲಿ ಸೆಕ್ಯುರಿಟಿ ಹುಳುಕು ಹುಡುಕಲು ನಾನು ಮೊದಲು ಓಡಿಸುವುದು ಫ್ಲಾಫೈಂಡರ್. ಡೇವಿಡ್ ವೀಲರ್ 2001ರಲ್ಲಿ ಹೊರತಂದ ಟೂಲ್ ಇದು. ಕೋಡ್ ಕಂಪೈಲ್ ಆಗದಿದ್ದರೂ ಇದರ ಕೆಲಸ ನಡೆಯುತ್ತದೆ. ಎಡವಟ್ಟಾಗಬಹುದಾದ ಫಂಕ್ಷನ್‌ಗಳ ಪಟ್ಟಿ ಅದರೊಳಗಿದೆ. ಆ ಹೆಸರು ಕಂಡಲ್ಲೆಲ್ಲ ಗುರುತು ಹಾಕಿ, ಅಪಾಯಕ್ಕೆ 0ರಿಂದ 5ರವರೆಗೆ ಅಂಕ ಕೊಡುತ್ತದೆ. ಗೆಟ್ಸ್ (ಉದ್ದದ ಮಿತಿಯೇ ಇಲ್ಲದೆ ಒಂದು ಸಾಲು ಓದುವ ಫಂಕ್ಷನ್) ಸಿಕ್ಕರೆ ನೇರ 5. ಕೊಡಲೇಬೇಕು. 1988ರಲ್ಲಿ ಇಂಟರ್ನೆಟ್‌ನಲ್ಲಿ ತಾನಾಗಿಯೇ ಹರಡಿದ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ ನುಗ್ಗಿದ ದಾರಿಗಳಲ್ಲಿ, ಬಳಕೆದಾರರ ವಿವರ ಕೊಡುವ ಫಿಂಗರ್ ಸರ್ವರ್‌ನ ಗೆಟ್ಸ್ ಕೂಡ ಒಂದು. ಸಿ ಭಾಷೆಯ 2011ರ ಆವೃತ್ತಿ ಸಿ11 ಬಂದಾಗ ಗೆಟ್ಸ್ ಅನ್ನು ಭಾಷೆಯಿಂದಲೇ ತೆಗೆದುಹಾಕಿದರು. ಗೆಟ್ಸ್ ಕಂಡರೆ ಉದ್ದದ ಮಿತಿ ಕೇಳುವ ಎಫ್‌ಗೆಟ್ಸ್ ಹಾಕಿ, ಮುಂದೆ ಹೋಗಿ.

ಪಠ್ಯ ನಕಲು ಮಾಡುವ ಸ್ಟ್ರ್‌ಕಾಪಿಗೆ 4, ಹೇಳಿದಷ್ಟು ಬೈಟ್ ನಕಲು ಮಾಡುವ ಮೆಮ್‌ಕಾಪಿಗೆ 2. ತುಂಬಾ ಜನ 4, 5 ಮಾತ್ರ ನೋಡಿ ಕೈಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಅಂಕ ಬರುವುದು ಫಂಕ್ಷನ್‌ನ ಹೆಸರು ನೋಡಿ. ನಕಲು ಮಾಡುವ ಉದ್ದ ಎಲ್ಲಿಂದ ಬಂತು ಅನ್ನುವುದು ಟೂಲ್‌ಗೆ ಗೊತ್ತಿಲ್ಲ.

ನೆಟ್‌ವರ್ಕ್ ಪ್ಯಾಕೆಟ್ ಓದುವ ಒಂದು ಹಳೇ ಪ್ರೋಗ್ರಾಂನಲ್ಲಿ ಇದು ಚೆನ್ನಾಗಿ ಕಂಡಿತು. 4 ಅಂಕದ ಸ್ಟ್ರ್‌ಕಾಪಿಗಳಿಗೆಲ್ಲ ಮೇಲಿನ ಸಾಲಿನಲ್ಲೇ ಉದ್ದ ಅಳೆದು, ಒಂದು ಬೈಟ್ ಸೇರಿಸಿ ಅಷ್ಟು ಮೆಮೊರಿ ಪಡೆದಿದ್ದರು (ಮ್ಯಾಲಕ್). ತೊಂದರೆ ಇಲ್ಲ. ಕೆಳಗೆ 2 ಅಂಕದ ಒಂದು ಮೆಮ್‌ಕಾಪಿ ಇತ್ತು. ಪ್ಯಾಕೆಟ್‌ನಲ್ಲೇ ಬರುವ ಉದ್ದವನ್ನು ಇಂಟ್‌ಗೆ (ಮೈನಸ್ ಸಂಖ್ಯೆಯನ್ನೂ ಹಿಡಿಯುವ ವೇರಿಯಬಲ್) ಹಾಕಿ, ಹೆಡರ್‌ನ 4 ಬೈಟ್ ಕಳೆದು, ಉಳಿದದ್ದು 256ಕ್ಕಿಂತ ಜಾಸ್ತಿ ಇದ್ದರೆ ಪ್ಯಾಕೆಟ್ ಬಿಸಾಡುತ್ತಿತ್ತು. ಸರಿಯಾಗೇ ಇದೆ ಅನಿಸುತ್ತೆ ಅಲ್ವಾ? ಕಳಿಸುವವನು ಉದ್ದ 2 ಅಂತ ಬರೆದರೆ ಏನಾಗುತ್ತದೆ ನೋಡಿ. ಎರಡರಲ್ಲಿ ನಾಲ್ಕು ಕಳೆದರೆ ಮೈನಸ್ 2. ಅದು 256ಕ್ಕಿಂತ ಕಡಿಮೆ, ಹಾಗಾಗಿ ಚೆಕ್ ದಾಟುತ್ತದೆ. ಆದರೆ ಮೆಮ್‌ಕಾಪಿ ಉದ್ದವನ್ನು ತಗೊಳ್ಳುವುದು ಸೈಜ್-ಟಿ ಎಂಬ ಬಗೆಯ ಸಂಖ್ಯೆಯಾಗಿ, ಅಲ್ಲಿ ಮೈನಸ್ ಅನ್ನುವುದೇ ಇಲ್ಲ. ಮೈನಸ್ 2 ಅಲ್ಲಿ ಭಾರೀ ದೊಡ್ಡ ಸಂಖ್ಯೆಯಾಗುತ್ತದೆ, ಅಷ್ಟು ನಕಲು ಮಾಡಹೊರಟರೆ ಇರುವ ಜಾಗ ಮೀರಿ ಬರೆಯುತ್ತದೆ.

ಅನುಮಾನ ಬಂದರೆ ಸುಮ್ನೆ ವಾದ ಮಾಡುವುದಕ್ಕಿಂತ ಓಡಿಸಿ ನೋಡುವುದು ಮೇಲು. ಮೆಮೊರಿ ತಪ್ಪುಗಳನ್ನು ಓಡುವಾಗಲೇ ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಸೇರಿಸಿ ಬಿಲ್ಡ್ ಮಾಡಿ, ಅಂಥದೇ ಪ್ಯಾಕೆಟ್ ಕಳಿಸಿದೆ. ‘ನೆಗೆಟಿವ್ ಸೈಜ್ ಪ್ಯಾರಮ್’ ಅಂತ ಸಾಲಿನ ನಂಬರ್ ಸಮೇತ ತೋರಿಸಿತು. ಕಳೆಯುವ ಮೊದಲೇ ಉದ್ದ 4ಕ್ಕಿಂತ ಕಡಿಮೆಯಾ ಅಂತ ನೋಡಬೇಕು. ನಿಜಕ್ಕೂ ಬಂದ ಬೈಟ್‌ಗಳ ಜೊತೆಗೂ ಹೋಲಿಸಬೇಕು. 2014ರ ಹಾರ್ಟ್‌ಬ್ಲೀಡ್ ಎಂಬ ಹುಳುಕಿನಲ್ಲಿ ಬಿಟ್ಟುಹೋಗಿದ್ದು ಈ ಹೋಲಿಕೆಯೇ. ಎದುರಿನವರು ಹೇಳಿದ ಉದ್ದವನ್ನು ನಂಬಿ ಎನ್‌ಕ್ರಿಪ್ಷನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಮೆಮ್‌ಕಾಪಿ ಮಾಡಿತ್ತು.

ಡಬಲ್ ಫ್ರೀ (ಒಂದೇ ಮೆಮೊರಿಯನ್ನು ಎರಡು ಸಲ ಬಿಟ್ಟುಕೊಡುವುದು), ಫ್ರೀ ಆದ ಮೇಲೂ ಬಳಸುವುದು, ಇಂಥವಕ್ಕೆ ಜಿಸಿಸಿ ಕಂಪೈಲರ್‌ನ ಅನಲೈಜರ್ ಅಥವಾ ಕ್ಲಾಂಗ್ ಸ್ಟ್ಯಾಟಿಕ್ ಅನಲೈಜರ್ ಬೇಕು. ಫ್ಲಾಫೈಂಡರ್‌ಗೆ ಅವು ಕಾಣುವುದಿಲ್ಲ.

ಸರಿ ಇದೆ ಅಂತ ಖಚಿತವಾದ ಸಾಲಿಗೆ ‘ಫ್ಲಾಫೈಂಡರ್: ಇಗ್ನೋರ್’ ಕಾಮೆಂಟ್ ಹಾಕಬಹುದು. ನಾನು ಪಕ್ಕದಲ್ಲೇ ಕಾರಣವನ್ನೂ ಬರೆಯುತ್ತೇನೆ: ಉದ್ದ ಎಲ್ಲಿ ಚೆಕ್ ಆಗಿದೆ, ಯಾವ ಫಂಕ್ಷನ್‌ನಲ್ಲಿ. ಆ ಫಂಕ್ಷನ್ ಯಾರಾದರೂ ಬದಲಿಸಿದರೆ, ‘ನೆವರ್ ಇಗ್ನೋರ್’ ಆಪ್ಷನ್ ಕೊಟ್ಟು ಮತ್ತೆ ಓಡಿಸಿ, ಬಿಟ್ಟಿದ್ದ ಸಾಲುಗಳನ್ನೂ ಓದುತ್ತೇನೆ.