ಹ್ಯೂಮ್‌ನ ಅಡಿಟಿಪ್ಪಣಿಯನ್ನು ನಾನು ಪಾಠ ಮಾಡುವ ರೀತಿ

ಡಿಗ್ರಿ ಕಾಲೇಜಿನಲ್ಲಿ ನಾನು ಫಿಲಾಸಫಿ ಪಾಠ ಮಾಡುತ್ತೇನೆ. ಹದಿನೆಂಟನೇ ಶತಮಾನದ ತತ್ವಜ್ಞಾನಿಗಳಾದ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್, ಜರ್ಮನ್ ನಾಡಿನ ಇಮ್ಯಾನುಯೆಲ್ ಕಾಂಟ್ ಇಬ್ಬರೂ ಸಿಲಬಸ್‌ನಲ್ಲಿದ್ದಾರೆ. ಜನಾಂಗಗಳ ಬಗ್ಗೆ ಅವರು ಬರೆದದ್ದು ಮಾತ್ರ ಇಲ್ಲ. ಅದನ್ನು ನಾನೇ ಸೇರಿಸಿಕೊಂಡೆ. ಹುಡುಗರು ಫೋನಿನಲ್ಲಿ ಏನೋ ಓದಿ ಬಂದು "ಕಾಂಟ್ ರೇಸಿಸ್ಟ್ ಅಂತೆ, ಹೌದಾ ಮೇಡಂ?" ಎಂದು ಹೇಗೂ ಕೇಳುತ್ತಾರೆ. ಸುಮ್ನೆ ಹೌದು ಅಂದು ಮುಂದಿನ ಪಾಠಕ್ಕೆ ಹೋದರೆ ಯಾರೂ ಏನೂ ಕಲಿತಂತಾಗುವುದಿಲ್ಲ.

ಮೊದಲು ಬೋರ್ಡಿನ ಮೇಲೆ 1748 ಎಂದು ಬರೆಯುತ್ತೇನೆ. ಆ ವರ್ಷ ಹ್ಯೂಮ್ ಪವಾಡಗಳ ಬಗ್ಗೆ ಬರೆಯುತ್ತಾ, ಸಾಕ್ಷಿ ಎಷ್ಟಿದೆಯೋ ಅಷ್ಟನ್ನೇ ಜಾಣ ನಂಬುತ್ತಾನೆ ಎಂದ. ಅದೇ ವರ್ಷ ದೇಶ ದೇಶಗಳ ಜನರ ಸ್ವಭಾವದ ಮೇಲೆ ಒಂದು ಪ್ರಬಂಧವನ್ನೂ ಪ್ರಕಟಿಸಿದ. 1753ರಲ್ಲಿ ಅದಕ್ಕೊಂದು ಅಡಿಟಿಪ್ಪಣಿ ಸೇರಿಸಿದ. ಕಪ್ಪು ಜನ, ಒಟ್ಟಾರೆ ಬಿಳಿಯರಲ್ಲದವರೆಲ್ಲ, ಹುಟ್ಟಿನಿಂದಲೇ ಕೀಳು ಎಂಬ ಗುಮಾನಿ ತನಗಿದೆ ಎನ್ನುತ್ತದೆ ಆ ಟಿಪ್ಪಣಿ. ಜಮೈಕಾದಲ್ಲಿ ಕಪ್ಪು ವಿದ್ವಾಂಸನೊಬ್ಬ ಇದ್ದಾನಂತಲ್ಲ? ಗಿಣಿ ನಾಲ್ಕು ಮಾತು ಆಡಿದರೆ ಹೊಗಳುತ್ತಾರಲ್ಲ, ಇದೂ ಹಾಗೇ ಇರಬೇಕು ಎಂದು ಹ್ಯೂಮ್ ತಳ್ಳಿಹಾಕುತ್ತಾನೆ. ಅವನು ಹೆಸರು ಹೇಳದ ಆ ಮನುಷ್ಯ ಫ್ರಾನ್ಸಿಸ್ ವಿಲಿಯಮ್ಸ್, ಲ್ಯಾಟಿನ್‌ನಲ್ಲಿ ಕವಿತೆ ಬರೆದವನು.

ಇಲ್ಲಿ ನಿಲ್ಲಿಸಿ ಒಂದು ಕೆಲಸ ಕೊಡುತ್ತೇನೆ: ಈ ಟಿಪ್ಪಣಿ ಪರೀಕ್ಷೆಯ ಉತ್ತರವಾಗಿದ್ದು, 1748ರ ಹ್ಯೂಮ್ ಅದನ್ನು ತಿದ್ದಿದ್ದರೆ ಎಷ್ಟು ಮಾರ್ಕ್ಸ್ ಹಾಕುತ್ತಿದ್ದ? ಸೊನ್ನೆ ಅನ್ನುವವರೇ ಜಾಸ್ತಿ. ಪವಾಡ ಕಂಡೆ ಅಂದವರನ್ನು ಅಷ್ಟು ಸೋಸಿ ನೋಡಿದವನು, ಇಲ್ಲಿ ಎದುರಿಗೆ ಬಂದ ಸಾಕ್ಷಿಯನ್ನು ವಿಚಾರಿಸುವ ಗೋಜಿಗೇ ಹೋಗಲಿಲ್ಲ.

ಆಮೇಲೆ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ಆಗಿನ ಕಾಲದಲ್ಲಿ ಎಲ್ಲರೂ ಹಾಗೇ ಅಂದ್ಕೊಂಡಿದ್ರು ಅಲ್ವಾ ಮೇಡಂ?"

ಎಲ್ಲರೂ ಅಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಬೀಟಿ 1770ರಲ್ಲೇ ಹ್ಯೂಮ್‌ಗೆ ಉತ್ತರ ಕೊಟ್ಟ. ಎರಡು ಸಾವಿರ ವರ್ಷದ ಹಿಂದೆ ಬ್ರಿಟನ್, ಫ್ರಾನ್ಸಿನ ಜನರೂ ಕಾಡುಜನರಂತೆಯೇ ಇದ್ದರಲ್ಲ? ಗುಲಾಮನಾಗಿ ದುಡಿಯುವವನ ಪ್ರತಿಭೆ ಅರಳುವುದಾದರೂ ಹೇಗೆ? ತತ್ವಶಾಸ್ತ್ರದಲ್ಲಿ ಹ್ಯೂಮ್ ಮುಂದೆ ಬೀಟಿ ಏನೇನೂ ಅಲ್ಲ, ಅದನ್ನೂ ಕ್ಲಾಸಿನಲ್ಲಿ ಹೇಳುತ್ತೇನೆ. ಆದರೆ ಈ ಒಂದು ವಿಷಯದಲ್ಲಿ ಅವನ ಮಾತೇ ಗಟ್ಟಿ. ಹ್ಯೂಮ್ ತೀರಿಕೊಂಡ ಮೇಲೆ 1777ರಲ್ಲಿ ಬಂದ ಆವೃತ್ತಿಯಲ್ಲಿ ಟಿಪ್ಪಣಿ ತಿದ್ದುಪಡಿಯಾಗಿದೆ. ಉಳಿದವರನ್ನೆಲ್ಲ ಕೈಬಿಟ್ಟು, ಕೀಳು ಎಂಬ ಮಾತನ್ನು ಕಪ್ಪು ಜನರ ಬಗ್ಗೆ ಮಾತ್ರ ಉಳಿಸಿಕೊಂಡಿದ್ದಾನೆ.

ಕಾಂಟ್ 1764ರಲ್ಲಿ ಹ್ಯೂಮ್‌ನ ಸವಾಲನ್ನೇ ಮತ್ತೆ ಎತ್ತುತ್ತಾನೆ: ಪ್ರತಿಭೆ ತೋರಿಸಿದ ಒಬ್ಬನೇ ಒಬ್ಬ ಕಪ್ಪು ಮನುಷ್ಯನನ್ನು ತೋರಿಸಿ. ಆಗ ನಾನು ಆಂಟನ್ ವಿಲ್ಹೆಲ್ಮ್ ಆಮೋ ಹೆಸರು ಬರೆಯುತ್ತೇನೆ. ಈಗಿನ ಘಾನಾದ ಆಕ್ಸಿಮ್ ಊರಿನವನು. 1734ರಲ್ಲಿ ವಿಟೆನ್‌ಬರ್ಗ್‌ನಲ್ಲಿ ಪ್ರಬಂಧ ಮಂಡಿಸಿ, ಆಮೇಲೆ ಹಾಲೆ, ಯೇನಾ ವಿಶ್ವವಿದ್ಯಾಲಯಗಳಲ್ಲಿ ತತ್ವಶಾಸ್ತ್ರವನ್ನೇ ಕಲಿಸಿದವನು. ಉದಾಹರಣೆ ಕಾಂಟ್‌ನ ಜರ್ಮನ್ ನಾಡಿನಲ್ಲೇ ಇತ್ತು.

ಕ್ಲಾಸು ನಿಜವಾಗಿ ಕಿವಿಗೊಡುವುದು 1775ರ ಕಾಂಟ್ ಲೇಖನಕ್ಕೆ. ಅದರಲ್ಲಿ ಅವನು ಮಾಡಿದ ನಾಲ್ಕು ಜನಾಂಗಗಳಲ್ಲಿ ಹಿಂದೂ ಜನಾಂಗವೂ ಒಂದು. ಅಂದರೆ ನಾವೂ ಪಟ್ಟಿಯಲ್ಲಿದ್ದೇವೆ! ಅಮೂರ್ತ ವಿಚಾರ ನಮಗೆ ಎಟುಕದು ಎಂಬ ಮಾತು ಅವನ ಪಾಠದ ನೋಟ್ಸಿನಲ್ಲಿದೆ. ಅವನಿಗೆ ಇಂಡಿಯಾ ಗೊತ್ತಿದ್ದದ್ದು ಪ್ರವಾಸಿಗಳ ಪುಸ್ತಕಗಳಿಂದ. ಹಾಗಿದ್ದೂ 1795ರಲ್ಲಿ ಯುರೋಪಿನವರು ಹಿಂದೂಸ್ತಾನದಲ್ಲಿ ವ್ಯಾಪಾರದ ನೆಪದಲ್ಲಿ ಸೈನ್ಯ ತಂದು ನಡೆಸಿದ ದಬ್ಬಾಳಿಕೆಯನ್ನು ಖಂಡಿಸಿದವನೂ ಅವನೇ. ಅಷ್ಟರಲ್ಲಿ ಮನಸ್ಸು ಬದಲಾಗಿತ್ತೇ ಎಂದು ವಿದ್ವಾಂಸರು ಈಗಲೂ ಜಗಳವಾಡುತ್ತಾರೆ. ನನಗೆ ಪೂರ್ತಿ ಬದಲಾಗಿತ್ತು ಅನ್ನಿಸುವುದಿಲ್ಲ.

ಈಗಿನ ವಿಜ್ಞಾನಕ್ಕೆ ಕಡಿಮೆ ಸಮಯ ಸಾಕು. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ ಲೆಕ್ಕ ಹಾಕಿದಂತೆ, ಮನುಷ್ಯರ ಅನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಜನಸಮುದಾಯದ ಒಳಗೇ ಇದೆ. ಜನಾಂಗ ಜನಾಂಗಗಳ ನಡುವಿನದು 6%ರ ಆಸುಪಾಸು. ಹಲವು ಜೀನ್‌ಗಳನ್ನು ಒಟ್ಟಿಗೆ ನೋಡಿದರೆ ಪೂರ್ವಿಕರು ಯಾವ ಕಡೆಯವರು ಎಂದು ಹೇಳಬಹುದು, ನಿಜ. ಅದರಿಂದ ಯಾರೂ ಮೇಲು-ಕೀಳು ಆಗುವುದಿಲ್ಲ. ಸಿಕಲ್ ಸೆಲ್ ಎಂಬ ಅನುವಂಶಿಕ ರಕ್ತದ ಕಾಯಿಲೆಯನ್ನೇ ನೋಡಿ. ಅದು ಚರ್ಮದ ಬಣ್ಣವನ್ನಲ್ಲ, ಮಲೇರಿಯಾ ಇದ್ದ ಜಾಗಗಳನ್ನು ಹಿಂಬಾಲಿಸಿದೆ. ಆಫ್ರಿಕಾದಲ್ಲಿದೆ, ಗ್ರೀಸಿನಲ್ಲಿದೆ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲೂ ಇದೆ.

"ಹಾಗಾದ್ರೆ ಜನಾಂಗ ಅನ್ನೋದೇ ಇಲ್ವಾ?" ಎಂಬ ಪ್ರಶ್ನೆಗೆ ಈಗಿನ ತತ್ವಜ್ಞಾನಿಗಳಲ್ಲೇ ಒಮ್ಮತವಿಲ್ಲ. ಪರಿಕಲ್ಪನೆಯನ್ನೇ ಬಿಟ್ಟುಬಿಡಿ ಎನ್ನುವವರಿದ್ದಾರೆ. ದೇಹದಲ್ಲಿ ಇಲ್ಲದಿದ್ದರೂ ಸಮಾಜದಲ್ಲಿ ಇದೆ, ಮನೆ, ಕೆಲಸ, ಪೊಲೀಸ್ ಎಲ್ಲದರಲ್ಲೂ ಅದರ ಪೆಟ್ಟು ಬೀಳುತ್ತದೆ ಎನ್ನುವವರಿದ್ದಾರೆ. ನಾನು ಎರಡನೆಯವರ ಕಡೆ.

ಜಾತಿಯ ಮಾತು ಇಲ್ಲೇ ಏಳುತ್ತದೆ. 1901ರ ಜನಗಣತಿ ನಡೆಸಿದ ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಮೂಗಿನ ಅಳತೆ ಹಿಡಿದು ಜಾತಿಗೂ ಜನಾಂಗಕ್ಕೂ ಗಂಟು ಹಾಕಿದ. ಜಾತಿ ಒಂದೇ ಜನಾಂಗದವರ ನಡುವಿನ ಸಾಮಾಜಿಕ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲಿ ಬರೆದರು. 1948ರಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಮುಂದಿಟ್ಟು ಅದನ್ನು ವಾದಿಸಿದರು. ಹ್ಯೂಮ್ ಪಾಠದ ಕೊನೆಗೆ ಇದನ್ನು ತುರುಕಿದರೆ ಸಾಲದು. ಹಾಗಾಗಿ ಇದಕ್ಕೆ ಪ್ರತ್ಯೇಕ ಕ್ಲಾಸು ಇಟ್ಟುಕೊಂಡಿದ್ದೇನೆ. ಆವತ್ತು ಬೆಲ್ ಹೊಡೆದರೂ ಮಾತು ಮುಗಿಯುವುದಿಲ್ಲ.