ಹದಿನಾರು ಯೂನಿಟ್‌ಗಳ ಲೆಕ್ಕ

ಕ್ಯಾಲಿಫೋರ್ನಿಯಾದ ಒಂದು ಕಮ್ಯೂನಿಟಿ ಕಾಲೇಜಿನಲ್ಲಿ ಕಂಪ್ಯೂಟರ್ ಇನ್ಫರ್ಮೇಶನ್ ಸಿಸ್ಟಮ್ಸ್ ವಿಭಾಗದ ಮುಖ್ಯಸ್ಥೆಯ ಹೊಣೆ ನನ್ನ ಪಾಲಿಗೆ ಬಂದದ್ದು 2018ರಲ್ಲಿ, ಅಂದರೆ ಇಂಥ ಕಾಲೇಜುಗಳಿಗೆ ಹಣ ಹಂಚುವ ಸೂತ್ರವನ್ನು ರಾಜ್ಯ ಸರ್ಕಾರ ಬದಲಿಸಿದ ವರ್ಷದಲ್ಲೇ. ಕಮ್ಯೂನಿಟಿ ಕಾಲೇಜು ಎಂದರೇನು ಎಂದು ಊರಿನಲ್ಲಿ ಯಾರಾದರೂ ಕೇಳಿದರೆ, ಡಿಪ್ಲೊಮಾ ಕಾಲೇಜನ್ನೂ ಸಂಜೆ ಕಾಲೇಜನ್ನೂ ಒಂದೇ ಕಟ್ಟಡದಲ್ಲಿ ಕೂಡಿಸಿದಂತೆ ಎನ್ನುತ್ತೇನೆ. ಪ್ರವೇಶ ಪರೀಕ್ಷೆ ಇಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್ ಒಂದಕ್ಕೆ, ಅಂದರೆ ಕೋರ್ಸಿನ ಗಾತ್ರ ಅಳೆಯುವ ಕ್ರೆಡಿಟ್ ಒಂದಕ್ಕೆ, 46 ಡಾಲರ್ ಶುಲ್ಕ. ಹದಿನೆಂಟರ ಹುಡುಗನ ಪಕ್ಕದ ಬೆಂಚಿನಲ್ಲಿ ಐವತ್ತರ ಗೋದಾಮು ನೌಕರ ಕೂತಿರುತ್ತಾನೆ.

ಆಗ ನಮ್ಮ ವಿಭಾಗದಲ್ಲಿ ಹೆಚ್ಚು ಜನ ಮುಗಿಸುತ್ತಿದ್ದದ್ದು 12 ಯೂನಿಟ್‌ಗಳ ಒಂದು ಸರ್ಟಿಫಿಕೇಟನ್ನು. ಕಂಪ್ಯೂಟರ್ ಪರಿಚಯ, ವಿಷುಯಲ್ ಬೇಸಿಕ್, ಮೈಕ್ರೋಸಾಫ್ಟ್ ಆಕ್ಸೆಸ್, ವೆಬ್ ಪುಟ ರಚನೆ ಎಂಬ ಮೂರು ಮೂರು ಯೂನಿಟ್‌ಗಳ ನಾಲ್ಕು ಕೋರ್ಸುಗಳು ಅದರಲ್ಲಿದ್ದವು. ಇದು ಹಳತಾಗಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವರ್ಷಕ್ಕೊಮ್ಮೆ ಸೇರುವ ಸಲಹಾ ಸಮಿತಿಯಲ್ಲಿ ಸುತ್ತಮುತ್ತಲಿನ ಕಂಪನಿಗಳವರು ಅದನ್ನೇ ವಿನಯದಿಂದ ಹೇಳುತ್ತಿದ್ದರು, ನಾವೂ ಅಷ್ಟೇ ವಿನಯದಿಂದ ನಡಾವಳಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆವು. ವಿಷುಯಲ್ ಬೇಸಿಕ್ ಭಾಷೆಯನ್ನು ಇನ್ನು ಮುಂದೆ ಬೆಳೆಸುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಪ್ರಕಟಿಸಿದ್ದು 2020ರ ಮಾರ್ಚ್‌ನಲ್ಲಿ. ಆ ಹೊತ್ತಿಗೆ ನಮ್ಮ ಬದಲಾವಣೆಯ ಕಡತ ಇನ್ನೂ ಸಮಿತಿಯಿಂದ ಸಮಿತಿಗೆ ಅಲೆಯುತ್ತಿತ್ತು.

ನಮ್ಮನ್ನು ಎಬ್ಬಿಸಿದ್ದು ಪಾಠದ ಹಳಸಲುತನವಲ್ಲ, ಹಣ ಎಂಬುದನ್ನು ಒಪ್ಪಿಕೊಳ್ಳಬೇಕು. ಹೊಸ ಸೂತ್ರ ಬರುವವರೆಗೆ ಕಾಲೇಜಿನ ಆದಾಯ ನಿಂತಿದ್ದು ಬಹುಮಟ್ಟಿಗೆ ದಾಖಲಾತಿಯ ಮೇಲೆ. ಒಬ್ಬ ವಿದ್ಯಾರ್ಥಿ ತರಗತಿಯಲ್ಲಿ ಕಳೆಯುವ 525 ಗಂಟೆಗಳನ್ನು ಒಂದು ಪೂರ್ಣಕಾಲಿಕ ಘಟಕವೆಂದು ಲೆಕ್ಕ ಹಾಕಿ ಹಣ ಕೊಡುತ್ತಿದ್ದರು. ಹೊಸ ಸೂತ್ರದಲ್ಲಿ ಸುಮಾರು ಶೇ 70ರಷ್ಟು ಮೂಲ ಅನುದಾನವಾಗಿ, ಮುಖ್ಯವಾಗಿ ಈ ದಾಖಲಾತಿಯ ಮೇಲೆಯೇ ಉಳಿಯಿತು. ಶೇ 20ರಷ್ಟು ಪೆಲ್ ಗ್ರಾಂಟ್, ಶುಲ್ಕ ವಿನಾಯಿತಿ ಮುಂತಾದ ನೆರವು ಪಡೆಯುವವರ ಸಂಖ್ಯೆಯ ಮೇಲೆ, ಶೇ 10ರಷ್ಟು ವಿದ್ಯಾರ್ಥಿಗಳು ಮುಗಿಸಿದ ಪದವಿ, ಸರ್ಟಿಫಿಕೇಟ್‌ಗಳಂತಹ ಫಲಿತಾಂಶದ ಮೇಲೆ ನಿಂತಿತು. ಆ ಕೊನೆಯ ಭಾಗದಲ್ಲಿ 16 ಅಥವಾ ಹೆಚ್ಚು ಯೂನಿಟ್‌ಗಳ ಸರ್ಟಿಫಿಕೇಟ್‌ಗೆ 2 ಅಂಕ, ವೃತ್ತಿಶಿಕ್ಷಣದಲ್ಲಿ 9 ಯೂನಿಟ್ ಮುಗಿಸಿದವರಿಗೆ 1 ಅಂಕ. ಮೊದಲ ವರ್ಷ ಅಂಕವೊಂದಕ್ಕೆ 440 ಡಾಲರ್. ನಮ್ಮ 12 ಯೂನಿಟ್‌ಗಳ ಸರ್ಟಿಫಿಕೇಟ್ ಈ ಸೂತ್ರದ ಕಣ್ಣಿಗೆ ಸರ್ಟಿಫಿಕೇಟೇ ಆಗಿರಲಿಲ್ಲ.

ಆಡಳಿತದಿಂದ ಸೂಚನೆ ಬರಲು ತಡವಾಗಲಿಲ್ಲ. ಈಗಿರುವುದಕ್ಕೆ ನಾಲ್ಕು ಯೂನಿಟ್ ಸೇರಿಸಿ, ಬಿಸಿನೆಸ್ ವಿಭಾಗದ ಯಾವುದಾದರೂ ಕೋರ್ಸಾದರೂ ಸರಿ, ಎಂಬುದು ಅದರ ಸಾರ. ಒಂದು ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತು ಲೆಕ್ಕ ಹಾಕಿದೆ. ನಾಲ್ಕು ಯೂನಿಟ್ ಎಂದರೆ ಶುಲ್ಕ ಕಟ್ಟುವ ವಿದ್ಯಾರ್ಥಿಗೆ 184 ಡಾಲರ್, ಕೆಲಸ ಮುಗಿಸಿ ಬರುವವರಿಗೆ ಇನ್ನೊಂದು ಸೆಮಿಸ್ಟರ್‌ನ ಸಂಜೆಗಳು. ಕಾಲೇಜಿಗೆ ಬರುವುದು ಸರ್ಟಿಫಿಕೇಟ್‌ನ 2 ಅಂಕದ ಲೆಕ್ಕದಲ್ಲಿ ತಲೆಗೆ 880 ಡಾಲರ್ ಹೆಚ್ಚು. ಕೋರ್ಸಿನ ಒಳಗೆ ಪ್ರಯೋಗಾಲಯದ ಗಂಟೆಗಳನ್ನು ಹೆಚ್ಚಿಸಿದರಂತೂ ಲೆಕ್ಕ ಇನ್ನೂ ಆಕರ್ಷಕವಾಗಿತ್ತು. ಮೂರು ಯೂನಿಟ್‌ಗಳ ಉಪನ್ಯಾಸದ ಕೋರ್ಸಿಗೆ ಸೆಮಿಸ್ಟರಿನಲ್ಲಿ 54 ಗಂಟೆ, ಅದಕ್ಕೆ ಒಂದೇ ಒಂದು ಯೂನಿಟ್ ಪ್ರಯೋಗಾಲಯ ಸೇರಿಸಿದರೆ ಇನ್ನೂ 54 ಗಂಟೆ. ಮೂವತ್ತು ಜನರ ತರಗತಿಗೆ ಪೂರ್ಣಕಾಲಿಕ ಘಟಕವೊಂದಕ್ಕೆ ಆ ವರ್ಷದ 3,727 ಡಾಲರ್ ದರದಲ್ಲಿ ಮೊದಲನೆಯದು ಸುಮಾರು 11,500 ಡಾಲರ್ ತಂದರೆ ಎರಡನೆಯದು ಸುಮಾರು 23,000 ಡಾಲರ್ ತರುತ್ತದೆ. ಯೂನಿಟ್ ಮೂರರಿಂದ ನಾಲ್ಕಕ್ಕೆ ಏರಿದರೆ ಆದಾಯ ಇಮ್ಮಡಿ. ಇದನ್ನು ಕಂಡ ಯಾವ ಆಡಳಿತಗಾರನೂ ಪ್ರಯೋಗಾಲಯದ ಮಹತ್ವದ ಬಗ್ಗೆ ಭಾಷಣ ಮಾಡದೆ ಇರಲಾರ.

ಆದರೂ ನಾನು 16ರ ಕಡೆಗೇ ಹೋದೆ, ಬೇರೆ ದಾರಿಯಿಂದ. ಹಳೆಯದಕ್ಕೆ ತೇಪೆ ಹಾಕುವ ಬದಲು, ಕೆಲಸಕ್ಕೆ ಬೇಕಾದದ್ದನ್ನು ಮೊದಲು ಬರೆದು ಆಮೇಲೆ ಯೂನಿಟ್‌ಗಳನ್ನು ಕೂಡಿಸಿ ನೋಡೋಣವೆಂದು ಸಹೋದ್ಯೋಗಿಗಳನ್ನು ಒಪ್ಪಿಸಿದೆ. ಪರಿಚಯದ ಕೋರ್ಸು 3, ಪ್ರಯೋಗಾಲಯ ಸಹಿತ ಪೈಥಾನ್ ಪ್ರೋಗ್ರಾಮಿಂಗ್ 4, ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್ 3, ನೆಟ್‌ವರ್ಕಿಂಗ್ 3, ಮಾಹಿತಿ ಭದ್ರತೆ 3: ಸರಿಯಾಗಿ 16. ಪೈಥಾನ್‌ಗೆ ಪ್ರಯೋಗಾಲಯ ನಿಜವಾಗಿಯೂ ಬೇಕಿತ್ತು. ಮೊದಲ ಬಾರಿ ಕೋಡ್ ಬರೆಯುವವರು ತಪ್ಪು ಮಾಡುವುದು ಮನೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಕೇಳಲು ಯಾರೂ ಇಲ್ಲದಾಗ. ಅಲ್ಲಿಯೇ ಅವರು ಕೋರ್ಸು ಬಿಡುತ್ತಾರೆ. ನೆಟ್‌ವರ್ಕಿಂಗ್ ಮತ್ತು ಭದ್ರತೆಯ ಕೋರ್ಸುಗಳನ್ನು ರಾಜ್ಯದ ಕಾಲೇಜುಗಳಿಗೆಲ್ಲ ಸಾಮಾನ್ಯವಾದ ಕೋರ್ಸು ವಿವರಣೆಗಳಾದ ಐಟಿಐಎಸ್ 150 ಮತ್ತು 160ಕ್ಕೆ ಹೊಂದಿಸಿ ಬರೆದೆವು, ಬೇರೆ ಕಾಲೇಜಿಗೆ ಹೋದವರು ಮತ್ತೆ ಅದನ್ನೇ ಓದಬಾರದು ಎಂದು.

ಅನುಮೋದನೆಯ ದಾರಿಯನ್ನು ವಿವರಿಸಿ ಓದುಗರನ್ನು ದಣಿಸಲಾರೆ. ಕೋರ್ಸಿನ ರೂಪರೇಖೆ, ಪಠ್ಯಕ್ರಮ ಸಮಿತಿ, ಪ್ರಾದೇಶಿಕ ಒಕ್ಕೂಟದ ಶಿಫಾರಸು, ಆಡಳಿತ ಮಂಡಳಿ, ಕೊನೆಗೆ ರಾಜ್ಯದ ಚಾನ್ಸಲರ್ ಕಚೇರಿ. ಒಂದು ಮೆಟ್ಟಿಲಲ್ಲಿ ಎಡವಿದರೆ ಆ ವರ್ಷದ ಕ್ಯಾಟಲಾಗ್ ತಪ್ಪಿಹೋಗುತ್ತದೆ. ನಮಗೆ ಒಮ್ಮೆ ತಪ್ಪಿತು.

ಅನುದಾನದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 2016ರಲ್ಲಿ ರಾಜ್ಯವು ವರ್ಷಕ್ಕೆ 20 ಕೋಟಿ ಡಾಲರ್‌ನೊಂದಿಗೆ ಸ್ಟ್ರಾಂಗ್ ವರ್ಕ್‌ಫೋರ್ಸ್ ಎಂಬ ವೃತ್ತಿಶಿಕ್ಷಣದ ಯೋಜನೆ ಆರಂಭಿಸಿತ್ತು. ಅದರಲ್ಲಿ ಶೇ 60ರಷ್ಟು ನೇರವಾಗಿ ಕಾಲೇಜುಗಳ ಆಡಳಿತಕ್ಕೆ, ಉಳಿದದ್ದು ಪ್ರದೇಶದ ಜಂಟಿ ಯೋಜನೆಗಳಿಗೆ. ಇದರ ಜೊತೆಗೆ ವೃತ್ತಿಶಿಕ್ಷಣಕ್ಕೆಂದು ಅಮೆರಿಕದ ಕೇಂದ್ರ ಸರ್ಕಾರ ಕೊಡುವ ಪರ್ಕಿನ್ಸ್ ನಿಧಿಯೂ ಇತ್ತು. ಇಂಥ ಹಣವನ್ನು ಗೊತ್ತಾದ ಅವಧಿಯೊಳಗೆ ಖರ್ಚು ಮಾಡಬೇಕು, ಕಾಲೇಜು ಈಗಾಗಲೇ ಭರಿಸುತ್ತಿರುವ ವೆಚ್ಚಕ್ಕೆ ಬದಲಾಗಿ ಬಳಸುವಂತಿಲ್ಲ. ಅವಧಿ ಮುಗಿಯುವ ಆತಂಕದಲ್ಲಿ ನಾನು ರೌಟರ್, ಸ್ವಿಚ್‌ಗಳ ಎರಡು ರ‍್ಯಾಕ್ ಕೊಂಡೆ. ಅವನ್ನು ನೋಡಿಕೊಳ್ಳುವ ತಂತ್ರಜ್ಞರ ಸಂಬಳವು ಕಾಲೇಜಿನ ಸಾಮಾನ್ಯ ನಿಧಿಯಿಂದ ಬರಬೇಕಿತ್ತು, ಅಲ್ಲಿ ಹೊಸ ಹುದ್ದೆಗಳಿಗೆ ತಡೆ ಬಿದ್ದಿತ್ತು. ಒಂದು ಸೆಮಿಸ್ಟರ್ ಪೂರ್ತಿ ಶನಿವಾರಗಳಂದು ನಾನೇ ಹೋಗಿ ಕೇಬಲ್ ಜೋಡಿಸಿದೆ. ಕೊರೊನಾ ಬಂದು ಕ್ಯಾಂಪಸ್ಸಿಗೆ ಬೀಗ ಬಿದ್ದಾಗ ನೆಟ್‌ವರ್ಕಿಂಗ್ ಪಾಠ ಪ್ಯಾಕೆಟ್ ಟ್ರೇಸರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲೇ ನಡೆಯಿತು. ರ‍್ಯಾಕ್‌ಗಳು ಹೊದಿಕೆಯೊಳಗೇ ಉಳಿದವು. ಅದೇ ಹಣದಲ್ಲಿ ಮೊದಲೇ ಸಂಜೆ ಪ್ರಯೋಗಾಲಯಕ್ಕೆ ವಿದ್ಯಾರ್ಥಿ ಬೋಧಕರನ್ನು ನೇಮಿಸಿಕೊಳ್ಳಬೇಕಿತ್ತು. ಮರುವರ್ಷ ಹಾಗೆಯೇ ಮಾಡಿದೆ, ಆನ್‌ಲೈನಿನಲ್ಲೂ ಅವರು ಸಂಜೆ ಹೊತ್ತು ಸಿಗುವಂತಾಯಿತು.

ಹೊಸ ಸರ್ಟಿಫಿಕೇಟ್‌ನ ಜೊತೆಗೆ ನಾನು ಹಟ ಹಿಡಿದು ಇನ್ನೊಂದನ್ನು ಉಳಿಸಿಕೊಂಡೆ: ಪೈಥಾನ್, ಎಸ್‌ಕ್ಯೂಎಲ್, ಕ್ಲೌಡ್ ಎಂಬ ಮೂರೇ ಕೋರ್ಸುಗಳ 10 ಯೂನಿಟ್‌ಗಳ ಚಿಕ್ಕ ಸರ್ಟಿಫಿಕೇಟ್. ಇದರ ಹಿಂದೆ ಒಂದು ಮಾತಿದೆ. ನಮ್ಮಲ್ಲಿಗೆ ಬರುವ ಕನ್ನಡದ ಹೆಣ್ಣುಮಕ್ಕಳಲ್ಲಿ ಹಲವರು ಎಚ್-4 ವೀಸಾದವರು, ಅಂದರೆ ಗಂಡನ ಎಚ್-1ಬಿ ಕೆಲಸದ ವೀಸಾದ ಆಧಾರದಲ್ಲಿ ಬಂದವರು. 2015ರಿಂದ ಅವರಲ್ಲಿ ಒಂದು ವರ್ಗಕ್ಕೆ ಕೆಲಸದ ಪರವಾನಗಿ ಸಿಗತೊಡಗಿದ ಮೇಲೆ, ಆರೇಳು ವರ್ಷ ಮನೆಯಲ್ಲಿದ್ದ ಎಂಜಿನಿಯರ್‌ಗಳು ಮತ್ತೆ ತರಗತಿಗೆ ಬಂದರು. ಧಾರವಾಡದ ಕಡೆಯ ಒಬ್ಬಾಕೆಗೆ ನಾನು ಎರಡು ವರ್ಷದ ಪದವಿಯ ನಕ್ಷೆಯನ್ನು ಉತ್ಸಾಹದಿಂದ ತೋರಿಸಿದಾಗ, "ನನಗ ಇನ್ನೊಂದು ಡಿಗ್ರಿ ಬ್ಯಾಡ್ರಿ ಮೇಡಂ, ಬಿ.ಇ. ಆಗೇತ್ರಿ. ಪೈಥಾನ್, ಎಸ್‌ಕ್ಯೂಎಲ್ ಎರಡು ಕೈಗೆ ಹತ್ತಿದ್ರ ಸಾಕ್ರಿ" ಎಂದರು. ಇವರನ್ನು 16 ಯೂನಿಟ್‌ಗಳ ಗಾಣಕ್ಕೆ ಕಟ್ಟುವುದು ಯಾರಿಗೂ ಲಾಭವಿಲ್ಲದ ಕೆಲಸ. ಸೂತ್ರವಾದರೂ ಅವರ 9 ಯೂನಿಟ್‌ಗೆ ಒಂದು ಅಂಕವನ್ನು ಹೇಗೂ ಕೊಡುತ್ತಿತ್ತು.

ಹೆಚ್ಚು ಖರ್ಚಿಲ್ಲದೆ ಫಲ ಕೊಟ್ಟದ್ದು ತೀರ ಸಪ್ಪೆಯಾದ ಎರಡು ಕೆಲಸಗಳು. ಬೇಕಾದ ಕೋರ್ಸುಗಳನ್ನೆಲ್ಲ ಮುಗಿಸಿಯೂ ಸರ್ಟಿಫಿಕೇಟ್‌ಗೆ ಅರ್ಜಿ ಹಾಕದವರು ಪ್ರತಿ ಸೆಮಿಸ್ಟರಿನಲ್ಲೂ ಇದ್ದರು. ದಾಖಲೆ ವಿಭಾಗದವರ ಜೊತೆ ಕೂತು ಅವರನ್ನು ಹುಡುಕಿ, ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಎರಡನೆಯದಾಗಿ, ಹಣಕಾಸು ನೆರವಿನ ಕಚೇರಿಯವರನ್ನು ಪರಿಚಯದ ಕೋರ್ಸಿನ ಎರಡನೆಯ ವಾರದಲ್ಲೇ ತರಗತಿಗೆ ಕರೆಸಿ, ಪಾಠದ ಕಂಪ್ಯೂಟರ್‌ಗಳಲ್ಲೇ ನೆರವಿನ ಅರ್ಜಿ ತುಂಬಿಸಿದೆವು.

ಇಷ್ಟೆಲ್ಲ ಆದ ಮೇಲೆ, ಜಿಲ್ಲೆಯ (ಇಲ್ಲಿ ಜಿಲ್ಲೆ ಎಂದರೆ ಒಂದೋ ಹಲವೋ ಕಮ್ಯೂನಿಟಿ ಕಾಲೇಜುಗಳನ್ನು ನಡೆಸುವ ಆಡಳಿತ ಘಟಕ) ಬಜೆಟ್ ಸಮಿತಿಯಲ್ಲಿ ಮೊದಲ ಬಾರಿ ಕೂತ ದಿನ, ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಹೊಸ ಸೂತ್ರದಿಂದ ನಷ್ಟವಾಗುವ ಜಿಲ್ಲೆಗಳಿಗೆ 2017-18ರಲ್ಲಿ ಸಿಕ್ಕ ಹಣವನ್ನೇ ಬೆಲೆ ಏರಿಕೆಯ ಹೊಂದಾಣಿಕೆಯೊಂದಿಗೆ ಕೊಡುವ ರಕ್ಷಣೆಯೊಂದಿತ್ತು, ನಮ್ಮ ಜಿಲ್ಲೆ ಮೊದಲಿನಿಂದಲೂ ಅದರ ಆಸರೆಯಲ್ಲಿತ್ತು. ಅಂದರೆ ಸೂತ್ರದ ಲೆಕ್ಕ ಆ ಮೊತ್ತವನ್ನು ದಾಟುವವರೆಗೆ ನಾವು ಗಳಿಸಿದ ಅಂಕಗಳಿಂದ ಒಂದು ಡಾಲರ್ ಕೂಡ ಹೆಚ್ಚಿಗೆ ಬಂದಿರಲಿಲ್ಲ. ಆಡಳಿತದ ಮಾತು ಕೇಳಿ ಬೇಡದ ನಾಲ್ಕು ಯೂನಿಟ್ ಸೇರಿಸಿದ್ದರೆ, ವಿದ್ಯಾರ್ಥಿಯ 184 ಡಾಲರ್ ಹೋಗುತ್ತಿತ್ತು, ಕಾಲೇಜಿಗೆ ಏನೂ ಬರುತ್ತಿರಲಿಲ್ಲ. ಸಭೆಯಲ್ಲಿ ಇದನ್ನು ಹೇಳಿದಾಗ ಯಾರೂ ನಗಲಿಲ್ಲ. ನನಗಂತೂ ನಗು ತಡೆಯುವುದು ಕಷ್ಟವಾಯಿತು. ಈಗ ಯಾರಾದರೂ ಪಠ್ಯಕ್ರಮ ಬದಲಿಸುವ ಬಗ್ಗೆ ಸಲಹೆ ಕೇಳಿದರೆ, ನಿಮ್ಮ ಜಿಲ್ಲೆಗೆ ನಿಜವಾಗಿ ಹಣ ಬರುತ್ತಿರುವುದು ಸೂತ್ರದಿಂದಲೋ ರಕ್ಷಣೆಯಿಂದಲೋ ಎಂದು ಮೊದಲು ಲೆಕ್ಕಪತ್ರ ವಿಭಾಗದಲ್ಲಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ.

ಆ ರಕ್ಷಣೆ 2024-25ಕ್ಕೆ ಮುಗಿದಿದೆ. 2025-26ರಿಂದ ಆ ಕೊನೆಯ ವರ್ಷದ ಮೊತ್ತವೇ ನೆಲಗಟ್ಟು, ಬೆಲೆ ಏರಿಕೆಯ ಹೊಂದಾಣಿಕೆ ಅದಕ್ಕಿಲ್ಲ. ಹೀಗಾಗಿ ಸೂತ್ರದ ಅಂಕಗಳಿಗೆ ನಮ್ಮಲ್ಲಿ ಮತ್ತೆ ಬೆಲೆ ಬಂದಿದೆ. ನಿರೀಕ್ಷಿಸಿದಂತೆಯೇ, 10 ಯೂನಿಟ್‌ಗಳ ಸರ್ಟಿಫಿಕೇಟನ್ನು 16ಕ್ಕೆ ಏರಿಸುವ ಪ್ರಸ್ತಾವ ಪಠ್ಯಕ್ರಮ ಸಮಿತಿಯ ಮುಂದೆ ಬಂದಿದೆ. ಅದರ ಜೊತೆಗೆ ನಾನು ಒಂದು ಪುಟವನ್ನು ಲಗತ್ತಿಸಿದ್ದೇನೆ: ಎಡಕ್ಕೆ ಕಾಲೇಜಿಗೆ ಬರುವ ಹಣ, ಬಲಕ್ಕೆ ವಿದ್ಯಾರ್ಥಿ ಕಟ್ಟುವ ಶುಲ್ಕ ಮತ್ತು ಕೊಡಬೇಕಾದ ಸಂಜೆಗಳ ಸಂಖ್ಯೆ. ಮುಂದಿನ ತಿಂಗಳ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.