ಹತ್ತೂವರೆ ಸೆಂಟಿಮೀಟರ್ ಹುಡುಗಿಯನ್ನು ನೋಡಲು ಹೋಗಿದ್ದು

ದೆಹಲಿಯ ನ್ಯಾಷನಲ್ ಮ್ಯೂಸಿಯಂಗೆ ನಾನು ಮೊದಲ ಸಲ ಹೋಗಿದ್ದು ಸೋಮವಾರ. ಸೋಮವಾರ ಅದಕ್ಕೆ ರಜೆ. ತಪ್ಪು ನಂದೇ, ಗೇಟಿನಿಂದಲೇ ವಾಪಸ್ ಬಂದೆ. ಎರಡನೇ ಸಲ ಎಲ್ಲವನ್ನೂ ನೋಡಿಬಿಡ್ತೀನಿ ಅಂತ ಹೊರಟು ಶಿಲ್ಪ, ನಾಣ್ಯ, ಚಿತ್ರ, ಆಯುಧ ಅಂತ ಮೂರು ತಾಸು ಓಡಾಡಿದೆ. ಸಂಜೆ ಕಾಲುನೋವು ಬಿಟ್ಟರೆ ಏನೂ ನೆನಪಿರಲಿಲ್ಲ.

ಮೂರನೇ ಸಲ ಅಮ್ಮನ ಜೊತೆ ಹೋದೆ. ಅವರಿಗೆ ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ, ಹಾಗಾಗಿ ಹರಪ್ಪ ಗ್ಯಾಲರಿ ಒಂದೇ ಸಾಕು ಅಂದುಕೊಂಡೆವು. ಮೊಹೆಂಜೊದಾರೊದಲ್ಲಿ 1926ರಲ್ಲಿ ಸಿಕ್ಕಿದ ಆ ಕಂಚಿನ ನರ್ತಕಿ ಇರೋದು ಅಲ್ಲೇ.

"ಇಷ್ಟೇನಾ? ಪಾಠದ ಪುಸ್ತಕದಲ್ಲಿ ದೊಡ್ಡದಾಗಿ ಕಾಣ್ತಿತ್ತಲ್ವಾ?" ಅಂದರು ಅಮ್ಮ. ಎತ್ತರ ಹತ್ತೂವರೆ ಸೆಂಟಿಮೀಟರ್ ಅಷ್ಟೆ. ಸುಮ್ನೆ ದಾಟಿ ಹೋಗೋರೇ ಜಾಸ್ತಿ. ನಾವು ಗಾಜಿನ ಪೆಟ್ಟಿಗೆಗೆ ಮುಖ ಹತ್ತಿರ ಇಟ್ಟು ನಿಂತೆವು. ಬಲಗೈ ಸೊಂಟದ ಮೇಲೆ, ಗಲ್ಲ ಸ್ವಲ್ಪ ಮೇಲಕ್ಕೆ, "ಏನೀಗ?" ಅಂತ ಕೇಳೋ ಹಾಗೆ. ಬಳೆಗಳನ್ನು ಗಮನಿಸಿದ್ದು ಅಮ್ಮನೇ. ಎಡಗೈ ಮಣಿಕಟ್ಟಿನಿಂದ ಹೆಗಲವರೆಗೆ ತುಂಬಿದೆ, ಬಲಗೈಯಲ್ಲಿ ಮಾತ್ರ ನಾಲ್ಕು. ಇದನ್ನು ಮೊದಲು ಮೇಣದಲ್ಲಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹೊರಗೆ ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹುಯ್ದಿದ್ದಾರೆ. ಅಂದರೆ ಒಂದು ಅಚ್ಚಿಗೆ ಒಂದೇ ಬೊಂಬೆ, ಆಮೇಲೆ ಅಚ್ಚು ಒಡೆಯಲೇಬೇಕು.

ಮುದ್ರೆಗಳು ಇನ್ನೂ ಚಿಕ್ಕವು. ಪಶುಪತಿ ಮುದ್ರೆ ಅಂತಾರಲ್ಲ, ಅದು ಅಗಲ ಉದ್ದ ಎರಡೂ ಮೂರೂವರೆ ಸೆಂಟಿಮೀಟರ್ ಆಸುಪಾಸು. ಅಷ್ಟರಲ್ಲೇ ಆನೆ, ಹುಲಿ, ಘೇಂಡಾಮೃಗ, ಕೋಣ ಎಲ್ಲಾ ಕೂತಿವೆ. ಕಲ್ಲು ಯಾವುದು ಗೊತ್ತಾ? ನಮ್ಮ ಬೇಲೂರು, ಹಳೇಬೀಡಿನವರು ನೆಚ್ಚಿಕೊಂಡಿದ್ದ ಹಾಗೇ ಮೆತ್ತಗಿನ ಬಳಪದ ಕಲ್ಲು. ಕೆತ್ತೋದು ಸುಲಭ, ಆಮೇಲೆ ಸುಟ್ಟು ಗಟ್ಟಿ ಮಾಡ್ತಿದ್ದರು. ಒತ್ತಿದಾಗ ಸರಿಯಾಗಿ ಮೂಡಲಿ ಅಂತ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದ್ದಾರೆ. ಆ ಲಿಪಿಯನ್ನು ಇವತ್ತಿಗೂ ಯಾರೂ ಎಲ್ಲರೂ ಒಪ್ಪೋ ಹಾಗೆ ಓದಿಲ್ಲ.

ಹೋಗೋರಿಗೆ ಒಂದು ಮಾತು. ದೊಡ್ಡ ಬ್ಯಾಗ್ ಒಯ್ಯಬೇಡಿ. ಫೋಟೊ ಮನೆಗೆ ಬಂದು ಇಂಟರ್ನೆಟ್‌ನಲ್ಲಿ ನೋಡಬಹುದು, ಅಲ್ಲಿರುವಾಗ ಕಣ್ಣಲ್ಲಿ ನೋಡಿ. ಮಿನಿಯೇಚರ್ ಚಿತ್ರಗಳ ಕೋಣೆಯಲ್ಲಿ ಬೆಳಕು ಕಮ್ಮಿ ಅಂತ ಬೈಯಬೇಡಿ, ಜಾಸ್ತಿ ಬೆಳಕಿಗೆ ಹಳೆಯ ಬಣ್ಣ ಮಾಸುತ್ತೆ.

ಒಂದೂವರೆ ತಾಸಿಗೆ ಹೊರಗೆ ಬಂದೆವು. ಉಳಿದದ್ದು ನೋಡೋದು ಬೇಡವಾ ಅಂತ ಕೇಳಿದರೆ ಅಮ್ಮ, "ಮುಂದಿನ ಸಲ ನಾಣ್ಯ ನೋಡೋಣ, ಆದರೆ ಸೋಮವಾರ ಕರ್ಕೊಂಡು ಬರಬೇಡ" ಅಂದರು.